ಧೂಳಿನ ಕೆಲಸದವರಿಗೆ ಎದೆಯ ಸೋಂಕು ಬೇಗ ಹತ್ತುವುದೇಕೆ?

ಕಲ್ಲುಕೆಲಸದವ

ಗ್ರಾನೈಟ್ ಕಟಿಂಗ್, ಪಾಲಿಶ್ ನನ್ನ ಕೆಲಸ. ಈಚೆಗೆ ಕೃತಕ ಕಲ್ಲಿನ ಸ್ಲ್ಯಾಬ್‌ಗಳೇ ಜಾಸ್ತಿ ಬರ್ತಿವೆ. ಮೊದಲೆಲ್ಲ ನೆಗಡಿ ಬಂದರೆ ಮೂಗಲ್ಲೇ ಮುಗೀತಿತ್ತು. ಈಗ ಸೀದಾ ಎದೆಗೆ ಇಳಿಯುತ್ತೆ, ಕಫ ಬಿಡೋದೇ ಇಲ್ಲ. ಎಕ್ಸ್‌ರೇ ಮಾಡಿಸಿದೆ, ಏನೂ ಇಲ್ಲ ಅಂದ್ರು. ಜೊತೆಯಲ್ಲಿ ಕೆಲಸ ಮಾಡೋ ಒಬ್ಬರಿಗೆ ಟಿಬಿ ಅಂತ ಗೊತ್ತಾದ ಮೇಲೆ ನಮ್ಮಲ್ಲಿ ಎರಡು ಪಕ್ಷ ಆಗಿದೆ. ಧೂಳಿಂದಲೇ ಬಂತು ಅಂತ ಕೆಲವರು. ಟಿಬಿ ಬರೋದು ರೋಗಾಣುವಿಂದ, ಧೂಳಿಗೂ ಅದಕ್ಕೂ ಏನು ಸಂಬಂಧ ಅಂತ ಮೇಸ್ತ್ರಿ. ಗೊತ್ತಿದ್ದವರು ಬಿಡಿಸಿ ಹೇಳಿ. ಔಷಧದ ಹೆಸರು ಬೇಡ, ಒಳಗೆ ಏನಾಗುತ್ತೆ ಅನ್ನೋದು ಬೇಕು.

ಲ್ಯಾಬ್‌ಮೂಲೆ

ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಬ್ಯಾಕ್ಟೀರಿಯಾ ಇಲ್ಲದೆ ಟಿಬಿ ಬರಲ್ಲ. ಆದರೆ ಅದು ಒಳಹೊಕ್ಕವರಿಗೆಲ್ಲ ರೋಗ ಆಗಲ್ಲ. ಸೋಂಕು ತಗುಲಿದವರಲ್ಲಿ ಶೇ 5ರಿಂದ 10 ಜನರಿಗಷ್ಟೇ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಕಾಣಿಸಿಕೊಳ್ಳುತ್ತೆ. ಉಳಿದವರ ಮೈ ಅದನ್ನು ಅದುಮಿಟ್ಟಿರುತ್ತೆ. ಧೂಳು ಕೆಲಸ ಕೆಡಿಸೋದು ಆ ಅದುಮಿಡುವ ಜಾಗದಲ್ಲಿ.

ಮೊದಲು ಗಾತ್ರದ ವಿಚಾರ. ಸುಮಾರು 10 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ದೊಡ್ಡ ಕಣ ಬಹುತೇಕ ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತೆ. ಅದಕ್ಕಿಂತ ಸಣ್ಣದು ಶ್ವಾಸನಾಳಗಳಿಗೆ ಇಳಿಯುತ್ತೆ. ಅಲ್ಲಿ ಒಳಗೋಡೆಗೆ ಲೋಳೆಯ ಲೇಪ, ಅದರಡಿ ಸೂಕ್ಷ್ಮ ರೋಮಗಳು. ಸೆಕೆಂಡಿಗೆ ಹತ್ತು ಹದಿನೈದು ಸಲ ಬಡಿದು ಲೋಳೆಯನ್ನು ಮೇಲಕ್ಕೆ, ಗಂಟಲ ಕಡೆಗೆ ತಳ್ಳುತ್ತವೆ. ನಿಮಿಷಕ್ಕೆ ಕೆಲವು ಮಿಲಿಮೀಟರ್ ಅಷ್ಟೇ ವೇಗ. ಆದರೂ ಆ ಭಾಗದಲ್ಲಿ ಕೂತ ಕಣ ಹೆಚ್ಚುಕಡಿಮೆ ಒಂದು ದಿನದಲ್ಲಿ ಆಚೆ ಹೋಗುತ್ತೆ. ನಮಗೆ ಗೊತ್ತಾಗದ ಹಾಗೆ ನುಂಗಿಬಿಟ್ಟಿರ್ತೀವಿ.

ತೊಂದರೆ ಇರೋದು ನಾಲ್ಕೈದು ಮೈಕ್ರಾನ್‌ಗಿಂತ ಸಣ್ಣದರಲ್ಲಿ. ಅದು ಕೊನೆಯ ಗಾಳಿಗೂಡುಗಳ ತನಕ ಹೋಗುತ್ತೆ, ಅಲ್ಲಿ ಆ ರೋಮಗಳಿಲ್ಲ. ಗುಡಿಸುವ ಕೆಲಸ ಪೂರ್ತಿ ಮ್ಯಾಕ್ರೋಫೇಜ್ ಅನ್ನೋ ಜೀವಕೋಶಗಳದ್ದು. ಅವು ಗೂಡಿನ ಗೋಡೆ ಮೇಲೆ ತೆವಳುತ್ತಾ ಸಿಕ್ಕಿದ್ದನ್ನು ನುಂಗುತ್ತವೆ. ಧೂಳಾದರೂ ಅದೇ, ಬ್ಯಾಕ್ಟೀರಿಯಾ ಆದರೂ ಅದೇ. ಎರಡಕ್ಕೂ ಇರೋ ಆಳು ಒಬ್ಬನೇ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಉಳಿದ ಕಥೆಯೆಲ್ಲ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತೆ.

ಕಲ್ಲುಕೆಲಸದವ

ಹಾಗಾದರೆ ಧೂಳು ಜಾಸ್ತಿ ಆದಾಗ ಆಳಿಗೆ ಕೆಲಸ ಜಾಸ್ತಿ, ಅಷ್ಟೇನಾ? ರಜೆ ಕೊಟ್ಟರೆ ಸರಿಹೋಗಬೇಕಲ್ಲ?

ಲ್ಯಾಬ್‌ಮೂಲೆ

ಕೆಲವು ಧೂಳಿಗೆ ಆ ಲೆಕ್ಕ ಸರಿ. ಇಲಿಗಳ ಪ್ರಯೋಗಗಳನ್ನು ನೋಡಿ ಪಾಲ್ ಮಾರೋ ಅನ್ನೋ ವಿಜ್ಞಾನಿ 1988ರಲ್ಲಿ ಒಂದು ವಾದ ಮುಂದಿಟ್ಟರು. ಮ್ಯಾಕ್ರೋಫೇಜ್‌ನ ಗಾತ್ರದಲ್ಲಿ ಶೇ 6ರಷ್ಟು ಧೂಳು ತುಂಬಿದಾಗ ಅದರ ಓಡಾಟ ನಿಧಾನ ಆಗುತ್ತೆ, ಶೇ 60ರ ಹೊತ್ತಿಗೆ ನಿಂತೇ ಹೋಗುತ್ತೆ ಅಂತ. ಅಷ್ಟೇನೂ ವಿಷವಲ್ಲದ ಧೂಳಿಗೂ ಇದು ಅನ್ವಯ. ಮನುಷ್ಯರಲ್ಲಿ ಇದೇ ಅಂಕಿ ಹೊಂದುತ್ತೆ ಅಂತ ಹಿಡಿಯಬೇಡಿ, ಆದರೆ ಹೊಟ್ಟೆ ತುಂಬಿದ ಕೋಶ ಮುಂದಿನ ಬ್ಯಾಕ್ಟೀರಿಯಾಕ್ಕೆ ಬಾಯಿ ತೆರೆಯೋದು ಕಡಿಮೆ ಅನ್ನೋದು ಬೇರೆ ಬೇರೆ ಪ್ರಯೋಗಗಳಲ್ಲಿ ಕಂಡಿದೆ.

ನಿಮ್ಮ ಕಲ್ಲಿನ ಧೂಳು ಆ ಜಾತಿಯದ್ದಲ್ಲ. ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್ ಇದೆ, ಅಂದರೆ ಹರಳು ರೂಪದ ಸಿಲಿಕಾ. ಕೃತಕ ಸ್ಲ್ಯಾಬ್‌ನಲ್ಲಿ ಎಷ್ಟೋ ಸಲ ಶೇ 90ಕ್ಕೂ ಮೇಲೆ. ಮ್ಯಾಕ್ರೋಫೇಜ್ ಆ ಹರಳನ್ನು ನುಂಗಿದಾಗ ಅದು ಕೋಶದೊಳಗಿನ ಒಂದು ಚೀಲ ಸೇರುತ್ತೆ. ನುಂಗಿದ್ದನ್ನು ಕರಗಿಸೋಕೆ ಆಮ್ಲ, ಕಿಣ್ವ ಇರೋ ಚೀಲ ಅದು. ಹರಳು ಕರಗಲ್ಲ. ಗಾಜಿನ ಚೂರು ನುಂಗಿದ ಹಾಗೆ. ಅದರ ಮೇಲ್ಮೈ ಚೀಲದ ಪೊರೆಯನ್ನೇ ಕೆಡಿಸುತ್ತೆ, ಪೊರೆ ಒಡೆದು ಕಿಣ್ವ ಕೋಶದೊಳಕ್ಕೇ ಸೋರುತ್ತೆ. 2008ರಲ್ಲಿ ಪ್ರಕಟವಾದ ಸಂಶೋಧನೆಗಳು ಮುಂದಿನ ಹಂತ ತೋರಿಸಿದವು: ಈ ಸೋರಿಕೆ ಎನ್‌ಎಲ್‌ಆರ್‌ಪಿ3 ಅನ್ನೋ ಅಪಾಯದ ಗಂಟೆಯನ್ನು ಬಾರಿಸುತ್ತೆ, ಉರಿಯೂತದ ರಾಸಾಯನಿಕಗಳು ಸುತ್ತಲೂ ಹರಡುತ್ತವೆ. ಕೋಶ ಸಾಯುತ್ತೆ. ಹರಳು ಇದ್ದ ಹಾಗೇ ಆಚೆ ಬೀಳುತ್ತೆ, ಅದನ್ನು ಇನ್ನೊಂದು ಮ್ಯಾಕ್ರೋಫೇಜ್ ಬಂದು ನುಂಗುತ್ತೆ. ರಜೆ ಹಾಕಿದರೂ ಈ ಸರದಿ ನಿಲ್ಲಲ್ಲ.

ಇನ್ನೊಂದು: ಆಗತಾನೇ ಒಡೆದ ಕ್ವಾರ್ಟ್ಜ್, ಹಳೆಯ ಧೂಳಿಗಿಂತ ಹೆಚ್ಚು ಕೆಟ್ಟದ್ದು. ಹೊಸ ಮುರಿತದ ಮೇಲ್ಮೈ ರಾಸಾಯನಿಕವಾಗಿ ಚುರುಕಾಗಿರುತ್ತೆ. ಬ್ಲೇಡಿನ ಪಕ್ಕದಲ್ಲೇ ನಿಂತವರಿಗೆ ಸಿಗೋದು ಅದೇ.

ಮಣ್ಣಿನಮಗ_೨

ಇಷ್ಟೆಲ್ಲ ಹೆದರಿಸಬೇಡಿ ಸ್ವಾಮಿ. ಧೂಳಲ್ಲಿ ಆಡಿ ಬೆಳೆದವರೇ ಗಟ್ಟಿ. ಇಮ್ಯುನಿಟಿ ಬರೋದೇ ಧೂಳಿಂದ ಅಂತ ಅಮೆರಿಕದಲ್ಲೇ ಸಂಶೋಧನೆ ಆಗಿದೆ. ಏಸಿ ರೂಮಲ್ಲಿ ಬೆಳೆದ ಮಕ್ಕಳಿಗೇ ಕಾಯಿಲೆ ಜಾಸ್ತಿ.

ಲ್ಯಾಬ್‌ಮೂಲೆ

ನೀವು ಹೇಳ್ತಿರೋದು ಆಮಿಷ್ ಮತ್ತು ಹಟರೈಟ್ ಮಕ್ಕಳ ಅಧ್ಯಯನ ಇರಬೇಕು, 2016ರದ್ದು. ಎರಡೂ ಕೃಷಿಕ ಸಮುದಾಯಗಳು, ಮೂಲ ಹತ್ತಿರದ್ದು. ಆಮಿಷರದ್ದು ಸಾಂಪ್ರದಾಯಿಕ ಬೇಸಾಯ, ಹಟರೈಟರದ್ದು ಯಂತ್ರದ ಬೇಸಾಯ. ಆ ಅಧ್ಯಯನದ ಮಕ್ಕಳಲ್ಲಿ ಆಸ್ತಮಾ ಆಮಿಷರಲ್ಲಿ ಶೇ 5.2, ಹಟರೈಟರಲ್ಲಿ ಶೇ 21.3. ಆಮಿಷರ ಮನೆ ಧೂಳಲ್ಲಿ ಬ್ಯಾಕ್ಟೀರಿಯಾದ ತುಣುಕುಗಳು (ಎಂಡೋಟಾಕ್ಸಿನ್) ಹೆಚ್ಚೂಕಡಿಮೆ ಏಳು ಪಟ್ಟು. ಅಧ್ಯಯನ ಒಳ್ಳೆಯದೇ. ಆದರೆ ಅದು ಹೇಳೋದು ಕೊಟ್ಟಿಗೆಯ ಸೂಕ್ಷ್ಮಜೀವಿ ಧೂಳಿನ ಬಗ್ಗೆ, ಪುಟ್ಟ ಮಕ್ಕಳ ಬಗ್ಗೆ, ಅಲರ್ಜಿ-ಆಸ್ತಮಾದ ಬಗ್ಗೆ. ಕಲ್ಲು ಕೊಯ್ಯುವ ದೊಡ್ಡವರ ನ್ಯುಮೋನಿಯಾ, ಟಿಬಿ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ. ಅದೇ ಕೊಟ್ಟಿಗೆಯ ಧೂಳಲ್ಲಿ, ಬೂಷ್ಟು ಹಿಡಿದ ಹುಲ್ಲಿಂದ, ಕೆಲವು ರೈತರಿಗೆ ಶ್ವಾಸಕೋಶದ ಬೇರೆಯೇ ಕಾಯಿಲೆ ಬರೋದೂ ಉಂಟು.

ಮಣ್ಣಿನಮಗ_೨

ಅದೆಲ್ಲ ಸರಿ. ನಮ್ಮಜ್ಜ ಧೂಳಲ್ಲೇ ಬದುಕಿ ತೊಂಬತ್ತು ದಾಟಿದ್ರು.

ವಾರ್ಡ್ ನಂ. ಏಳು

ತೊಂಬತ್ತು ದಾಟದವರು ಇಲ್ಲಿ ಬಂದು ಪೋಸ್ಟ್ ಹಾಕಲ್ಲವಲ್ಲ ಸರ್ 🙂

ನಾನು ನರ್ಸ್, ಎದೆ ರೋಗದ ವಾರ್ಡಿನಲ್ಲಿ ಕೆಲಸ. ಮೂಲ ಪ್ರಶ್ನೆಗೆ ಬರ್ತೀನಿ. ಕಲ್ಲುಕೆಲಸದವರೇ, "ಎಕ್ಸ್‌ರೇ ಕ್ಲಿಯರ್" ಅನ್ನೋದನ್ನು ನೀವು ನಂಬಿ ಕೂತಿದ್ದೀರ ಅನಿಸ್ತು. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ (ಸಿಲಿಕಾ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ) ಕಾಣೋದು ಗಾಯ ಕಟ್ಟಿ ಗಂಟುಗಳಾದ ಮೇಲೆ. ಟಿಬಿಯ ಅಪಾಯ ಅದಕ್ಕೂ ಮುಂಚೆಯೇ ಶುರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರ ಮೇಲೆ ಹ್ನಿಜ್ಡೊ ಮತ್ತು ಮರ್ರೆ ಅನ್ನೋರು 1998ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ದೊಡ್ಡ ಆಧಾರ. ಸಿಲಿಕೋಸಿಸ್ ಇಲ್ಲದವರಲ್ಲೂ, ಕುಡಿದ ಧೂಳು ಹೆಚ್ಚಾದಷ್ಟೂ ಟಿಬಿ ಹೆಚ್ಚಿತ್ತು. ಗಣಿ ಬಿಟ್ಟ ಮೇಲೂ ಆ ಅಪಾಯ ಇಳಿದಿರಲಿಲ್ಲ. ಸಿಲಿಕೋಸಿಸ್ ಆಗಿಬಿಟ್ಟರೆ ಟಿಬಿ ಸಾಧ್ಯತೆ ಮೂರು ನಾಲ್ಕು ಪಟ್ಟು ಅನ್ನೋದು ಹಲವು ಅಧ್ಯಯನಗಳ ಒಟ್ಟು ಲೆಕ್ಕ.

ಹಾಗಾಗಿಯೇ ಸಿಲಿಕಾ ಧೂಳಿನ ಕೆಲಸದಲ್ಲಿರುವವರನ್ನೂ, ಹಿಂದೆ ಇದ್ದು ಬಿಟ್ಟವರನ್ನೂ ಕ್ರಮವಾಗಿ ಟಿಬಿಗೆ ತಪಾಸಣೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಇದೆ. ಕೆಲಸ ಬಿಟ್ಟವರನ್ನು ಯಾರೂ ಕೇಳೋದೇ ಇಲ್ಲ, ನನಗೆ ಸಿಟ್ಟು ಬರೋದು ಅಲ್ಲೇ. ಯಾರಾದರೂ ಬಂದು "ಈಗ ವಾಚ್‌ಮನ್ ಕೆಲಸ" ಅಂದರೆ ಫೈಲಿನಲ್ಲಿ ವಾಚ್‌ಮನ್ ಅಂತಲೇ ಬರೀತಾರೆ. ಮುಂಚೆ ಏನು ಮಾಡ್ತಿದ್ರಿ ಅಂತ ಇನ್ನೊಂದು ಪ್ರಶ್ನೆ ಹಾಕಿದರೆ ಇಡೀ ಕಥೆ ಬದಲಾಗುತ್ತೆ.

ಸ್ಪಾರ್ಕ್_ಅಣ್ಣ

ವೆಲ್ಡಿಂಗ್ ಮಾಡೋರ ಬಗ್ಗೆನೂ ಒಂದೀಟು ಹೇಳ್ರಿ. ನಮ್ಮದು ಧೂಳಲ್ಲ, ಹೊಗಿ. ಜಿಐ ಪೈಪ್ ಕೆಲಸ ಭಾಳ ಇದ್ದ ದಿನ ರಾತ್ರಿ ಚಳಿ ಹಿಡಿದು ಜ್ವರ ಬರ್ತೈತ್ರಿ, ಮರುದಿನ ತಾನೇ ಇಳಿದಿರ್ತೈತಿ. ಇದೂ ಸೋಂಕೇನ್ರಿ?

ಲ್ಯಾಬ್‌ಮೂಲೆ

ಆ ಚಳಿಜ್ವರ ಸೋಂಕಲ್ಲ ಅಣ್ಣ. ಜಿಐ ಮೇಲಿನ ಸತುವಿನ ಲೇಪ ಸುಟ್ಟು ಸತುವಿನ ಆಕ್ಸೈಡ್ ಹೊಗೆ ಆಗುತ್ತೆ, ಅದಕ್ಕೆ ಮೈ ಕೊಡೋ ಪ್ರತಿಕ್ರಿಯೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಇಳಿಯದೆ ನಿಂತರೆ, ಉಸಿರು ಕಟ್ಟಿದರೆ, ಅದೇ ಇರಬೇಕು ಅಂತ ಸುಮ್ಮನಿರಬೇಡಿ. ಯಾಕಂದರೆ ವೆಲ್ಡರುಗಳಿಗೆ ನಿಜವಾದ ನ್ಯುಮೋನಿಯಾದ ಅಪಾಯವೂ ಹೆಚ್ಚು. ಬ್ರಿಟನ್ನಿನ ಮರಣ ದಾಖಲೆಗಳಲ್ಲಿ ದಶಕಗಳಿಂದ ಇದು ಕಾಣ್ತಿದೆ. ದುಡಿಯೋ ವಯಸ್ಸಿನ ವೆಲ್ಡರುಗಳು ನ್ಯುಮೋನಿಯಾದಿಂದ ಸಾಯೋದು ಉಳಿದವರಿಗಿಂತ ಹೆಚ್ಚು. ನಿವೃತ್ತಿ ಆದವರಲ್ಲಿ ಆ ಹೆಚ್ಚುವರಿ ಕಾಣಲ್ಲ.

ಈ ಕೊನೇ ಮಾತು ನನಗೆ ಬಹಳ ಮುಖ್ಯ ಅನಿಸುತ್ತೆ. ಕಲ್ಲಿನ ಧೂಳಿಗಾದರೆ ಕೆಲಸ ಬಿಟ್ಟರೂ ಬಿಡುಗಡೆ ಇಲ್ಲ, ಲೋಹದ ಹೊಗೆಗೆ ಇದೆ. ಅಂದರೆ ಒಳಗೆ ನಡೆಯೋದೇ ಬೇರೆ. ಉಸಿರುನಾಳದ ಜೀವಕೋಶಗಳ ಮೇಲೆ ಪಿಎಎಫ್ ಗ್ರಾಹಕ ಅನ್ನೋ ಒಂದು ಪ್ರೋಟೀನ್ ಇದೆ. ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಅಂಟಿಕೊಳ್ಳೋಕೆ, ಒಳನುಗ್ಗೋಕೆ ಅದನ್ನೇ ಹಿಡಿಯುತ್ತೆ. ವೆಲ್ಡಿಂಗ್ ಹೊಗೆ ತಗುಲಿದ ಜೀವಕೋಶಗಳು ಆ ಪ್ರೋಟೀನನ್ನು ಹೆಚ್ಚು ಹೊರಗೆ ತೋರಿಸುತ್ತವೆ ಅಂತ ಲ್ಯಾಬ್ ಪ್ರಯೋಗಗಳಲ್ಲಿ ಕಂಡಿದೆ. ವಾಹನ ಹೊಗೆಯ ಸಣ್ಣ ಕಣಗಳೂ ಹಾಗೇ ಮಾಡುತ್ತವೆ. ಹೊಗೆ ನಿಂತ ಮೇಲೆ ಜೀವಕೋಶ ಮತ್ತೆ ಮಾಮೂಲಿಗೆ ಬರಬಹುದು. ಬ್ರಿಟನ್ನಿನಲ್ಲಿ ಆಗಾಗ ಲೋಹದ ಹೊಗೆ ಕುಡಿಯೋ ಕೆಲಸದವರಿಗೆ ನ್ಯುಮೋಕಾಕಸ್ ಲಸಿಕೆ ಪರಿಗಣಿಸಿ ಅನ್ನೋ ಶಿಫಾರಸು ಇದೆ. ನಿಮ್ಮ ಡಾಕ್ಟರ ಹತ್ತಿರ ಈ ಮಾತು ಎತ್ತಿ.

ಸ್ಪಾರ್ಕ್_ಅಣ್ಣ

ಲಸಿಕಿ ಐತಿ ಅಂತನ ಗೊತ್ತಿರಲಿಲ್ರಿ. ಕೇಳ್ತೀನಿ.

ತಕ್ಕಡಿ

ಲ್ಯಾಬ್‌ಮೂಲೆಯವರು ಹೇಳಿದ್ದರಲ್ಲಿ ತಪ್ಪು ಹುಡುಕ್ತಿಲ್ಲ. ಆದರೆ ಲ್ಯಾಬ್ ತಟ್ಟೆಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿ ಹಾಗೇ ನಡೆಯುತ್ತೆ ಅಂತ ಹೇಳೋಕೆ ಧೈರ್ಯ ಬೇಕು. ಒಲೆ ಹೊಗೆಯ ಉದಾಹರಣೆ ತಗೊಳ್ಳಿ. ಹೊಗೆ ತುಂಬಿದ ಮನೆಯ ಮಕ್ಕಳಿಗೆ ನ್ಯುಮೋನಿಯಾ ಹೆಚ್ಚು ಅಂತ ಎಷ್ಟೋ ಸಮೀಕ್ಷೆಗಳು ಹೇಳಿದವು. ಸರಿ, ಹೊಗೆ ಕಡಿಮೆ ಮಾಡಿ ನೋಡೋಣ ಅಂತ ಗ್ವಾಟೆಮಾಲಾದಲ್ಲಿ ಚಿಮಣಿ ಒಲೆ ಕೊಟ್ಟರು, ಫಲಿತಾಂಶ ಬಂದದ್ದು 2011ರಲ್ಲಿ. ಒಟ್ಟು ನ್ಯುಮೋನಿಯಾದಲ್ಲಿ ಆದ ಇಳಿಕೆ ಸಂಖ್ಯಾಶಾಸ್ತ್ರದ ಪ್ರಕಾರ ಗಟ್ಟಿಯಾಗಿರಲಿಲ್ಲ. ತೀವ್ರ ನ್ಯುಮೋನಿಯಾ ಮಾತ್ರ ಮೂರನೇ ಒಂದರಷ್ಟು ಇಳಿದಿತ್ತು. ಮಲಾವಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಸುಧಾರಿತ ಒಲೆಯ ಪ್ರಯೋಗ, 2016, ವ್ಯತ್ಯಾಸವೇ ಇಲ್ಲ. ಆಮೇಲೆ ಗ್ವಾಟೆಮಾಲಾ, ಭಾರತ, ಪೆರು, ರುವಾಂಡಾ ನಾಲ್ಕೂ ಕಡೆ ಸೌದೆ ಬಿಡಿಸಿ ಗ್ಯಾಸ್ ಕೊಟ್ಟು ನೋಡಿದರು. 2024ರಲ್ಲಿ ಬಂದ ಉತ್ತರ: ಹಸುಗೂಸುಗಳ ತೀವ್ರ ನ್ಯುಮೋನಿಯಾದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲ. ಕಣಗಳೇ ಕಾರಣ ಆಗಿದ್ದರೆ ಇಳಿಯಬೇಕಿತ್ತಲ್ಲ?

ಲ್ಯಾಬ್‌ಮೂಲೆ

ಈ ಥ್ರೆಡ್‌ನಲ್ಲಿ ಬಂದ ಅತಿ ಒಳ್ಳೆಯ ಪ್ರಶ್ನೆ ಇದು.

ಮಲಾವಿಯಲ್ಲಿ ಒಲೆ ಬದಲಾಯಿತು, ಆದರೆ ಕಸ ಸುಡೋ ಹೊಗೆ, ಅಕ್ಕಪಕ್ಕದ ಹೊಗೆ, ಬೀಡಿ-ಸಿಗರೇಟಿನ ಹೊಗೆ ಹಾಗೇ ಇತ್ತು. ನಾಲ್ಕು ದೇಶದ ಪ್ರಯೋಗ ಇನ್ನೂ ಬಿಗಿಯಾಗಿತ್ತು. ಗರ್ಭಿಣಿಯರ ಮೈಗೇ ಮೀಟರ್ ಕಟ್ಟಿ ಅಳೆದರು. ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣ, ಸೌದೆ ಗುಂಪಿನಲ್ಲಿ ಘನಮೀಟರಿಗೆ 70 ಮೈಕ್ರೋಗ್ರಾಂ ಆಸುಪಾಸು, ಗ್ಯಾಸ್ ಗುಂಪಿನಲ್ಲಿ 24. ದೊಡ್ಡ ಇಳಿಕೆಯೇ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ವಾರ್ಷಿಕ ಮಟ್ಟ 5. ಅಪಾಯ ಏರೋದು ಮೊದಲ ಮೆಟ್ಟಿಲುಗಳಲ್ಲೇ ಕಡಿದಾಗಿದ್ದರೆ, 70ರಿಂದ 24ಕ್ಕೆ ಬಂದರೂ ಲಾಭ ಕಾಣದೇ ಹೋಗಬಹುದು. ಇದು ಒಂದು ವಿವರಣೆ, ಸಾಬೀತಾದ ಮಾತಲ್ಲ. ಇನ್ನೊಂದು ಸಾಧ್ಯತೆ: ನ್ಯುಮೋನಿಯಾದ ಮುಖ್ಯ ರೋಗಾಣುಗಳ ವಿರುದ್ಧ ಲಸಿಕೆ ಬಂದ ಮೇಲೆ ಉಳಿದಿರೋದು ಹೆಚ್ಚಾಗಿ ವೈರಸ್‌ನದ್ದು, ಅವುಗಳ ಮೇಲೆ ಹೊಗೆಯ ಪರಿಣಾಮ ಬೇರೆ ಇರಬಹುದು.

ನನ್ನ ಅಭಿಪ್ರಾಯ ಕೇಳಿದರೆ: ಒಲೆ ಹೊಗೆ ಮತ್ತು ಮಕ್ಕಳ ನ್ಯುಮೋನಿಯಾ ವಿಚಾರದಲ್ಲಿ ಪುರಾವೆ ನಾವು ಅಂದುಕೊಂಡಷ್ಟು ನೇರ ಇಲ್ಲ. ಸಿಲಿಕಾ ಮತ್ತು ಟಿಬಿ ವಿಚಾರದಲ್ಲಿ ಅನುಮಾನಕ್ಕೆ ಜಾಗ ತೀರಾ ಕಡಿಮೆ. ಎರಡನ್ನೂ "ಧೂಳು ಕೆಟ್ಟದ್ದು" ಅನ್ನೋ ಒಂದೇ ಮಾತಿನಲ್ಲಿ ಕಟ್ಟಿಹಾಕೋದು ನನಗೆ ಒಪ್ಪಿಗೆ ಇಲ್ಲ.

ತಕ್ಕಡಿ

ಇಷ್ಟು ಹೇಳಿದರೆ ನನ್ನ ತಕರಾರಿಲ್ಲ. ವೈರಸ್‌ನ ಮಾತು ಮಾತ್ರ ಇನ್ನೂ ಊಹೆ ಅಂತ ಗುರುತು ಹಾಕಿಡಿ.

ಹೊಸಓದುಗಿ

ಧೂಳಿನ ಕೆಲಸ ಮಾಡದ ನಮ್ಮಂಥವರ ಗತಿ ಏನು? ಆಫೀಸಿಗೆ ಹೋಗಿ ಬರೋ ದಾರಿಯ ಧೂಳಷ್ಟೇ ನಮ್ಮದು.

ಲ್ಯಾಬ್‌ಮೂಲೆ

2022ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಡೋನಾ ಫಾರ್ಬರ್ ತಂಡ ಒಂದು ಕೆಲಸ ಪ್ರಕಟಿಸಿತು. ಅಂಗದಾನ ಮಾಡಿದ 84 ಜನರ ದುಗ್ಧಗ್ರಂಥಿಗಳನ್ನು ನೋಡಿದರು, ವಯಸ್ಸು 11ರಿಂದ 93. ಶ್ವಾಸಕೋಶದ ಪಕ್ಕದ ಗ್ರಂಥಿಗಳು ವಯಸ್ಸಾದಂತೆ ಕಪ್ಪಾಗುತ್ತಾ ಹೋಗಿದ್ದವು. ಕರುಳಿನ ಪಕ್ಕದವು ಹಾಗೆ ಕಪ್ಪಾಗಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಕಪ್ಪು ಕಣಗಳೆಲ್ಲ ಇದ್ದದ್ದು ಮ್ಯಾಕ್ರೋಫೇಜ್‌ಗಳ ಒಳಗೆ. ಕಣ ತುಂಬಿದ ಕೋಶಗಳು ನುಂಗೋದೂ ಕಡಿಮೆ, ಬೇರೆ ಕೋಶಗಳಿಗೆ ಸಂಕೇತ ಕಳಿಸೋದೂ ಕಡಿಮೆ. ಪಕ್ಕದಲ್ಲೇ ಇದ್ದ, ಕಣ ಇಲ್ಲದ ಕೋಶಗಳು ಸರಿಯಾಗಿಯೇ ಇದ್ದವು. ವಯಸ್ಸಾದವರಿಗೆ ಎದೆಯ ಸೋಂಕು ಜೋರಾಗೋದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನೋದು ಅವರ ವಾದ.

ಇನ್ನೊಂದು ಕೆಲಸ ಲೆಸ್ಟರ್ ವಿಶ್ವವಿದ್ಯಾಲಯದ್ದು, 2017. ಅವರು ನಮ್ಮ ಜೀವಕೋಶಗಳನ್ನು ಬಿಟ್ಟು ಬ್ಯಾಕ್ಟೀರಿಯಾವನ್ನೇ ನೋಡಿದರು. ಮಸಿಯ ಕಣ ಸೇರಿಸಿದಾಗ ನ್ಯುಮೋಕಾಕಸ್ ಮತ್ತು ಸ್ಟ್ಯಾಫಿಲೋಕಾಕಸ್ ಗುಂಪುಕಟ್ಟಿ ಅಂಟಿಕೊಳ್ಳುವ ಪದರದ ರಚನೆಯೇ ಬದಲಾಯಿತು. ಇಲಿಗಳಲ್ಲಿ ನ್ಯುಮೋಕಾಕಸ್ ಮೂಗಿನಿಂದ ಶ್ವಾಸಕೋಶಕ್ಕೆ ಇಳಿಯೋದು ಹೆಚ್ಚಾಯಿತು. ತಕ್ಕಡಿಯವರು ಹೇಳೋ ಮುಂಚೆ ನಾನೇ ಹೇಳ್ತೀನಿ, ಇಲಿ ಇಲಿಯೇ.

ವಾರ್ಡ್ ನಂ. ಏಳು

ಧೂಳೇ ರೋಗಾಣುವನ್ನು ಹೊತ್ತು ತರೋ ದಾರಿಯೂ ಇದೆ, ಅದನ್ನು ಯಾರೂ ಹೇಳಲಿಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್ ಭೂಕಂಪದಲ್ಲಿ ಗುಡ್ಡ ಜರಿದು ಎದ್ದ ಧೂಳಿನ ಜೊತೆ ಮಣ್ಣಿನ ಶಿಲೀಂಧ್ರದ ಬೀಜಕಣ ಹಾರಿ, ವೆಂಚುರಾ ಕೌಂಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ 'ವ್ಯಾಲಿ ಫೀವರ್' ಅನ್ನೋ ಶ್ವಾಸಕೋಶದ ಸೋಂಕು ಬಂತು, ಮೂವರು ತೀರಿಕೊಂಡರು. ಆದರೆ ಅದು ಆ ಶಿಲೀಂಧ್ರ ಇರೋ ಒಣ ನೆಲಗಳ ಕಥೆ.

ಕಲ್ಲುಕೆಲಸದವ

ಎಲ್ಲ ಓದಿದೆ. ಮೇಸ್ತ್ರಿಗೂ ತೋರಿಸಿದೆ, "ಹೂಂ" ಅಂದ್ರು, ಅವರ ಮಟ್ಟಿಗೆ ಅದು ದೊಡ್ಡದು. ಈಗ ಕೆಲಸದ ಮಾತು. ನಾವು ಮುಖಕ್ಕೆ ಟವೆಲ್ ಸುತ್ತಿಕೊಳ್ತೀವಿ. ಸಾಯಂಕಾಲ ಮೂಗು ಸೀನಿದರೆ ಬಿಳಿ ಧೂಳು ಬರುತ್ತೆ, ಅಂದರೆ ಮೂಗಲ್ಲೇ ನಿಂತಿದೆ ಅಂತ ಸಮಾಧಾನ ಮಾಡ್ಕೊಳ್ತಿದ್ವಿ.

ಲ್ಯಾಬ್‌ಮೂಲೆ

ಮೂಗಲ್ಲಿ ನಿಂತದ್ದು ದಪ್ಪ ಕಣ, ಅದು ಹೇಗೂ ಒಳಗೆ ಹೋಗ್ತಿರಲಿಲ್ಲ. ಹತ್ತು ಮೈಕ್ರಾನ್ ಕಲ್ಲಿನ ಕಣ ನಿಂತ ಗಾಳಿಯಲ್ಲಿ ಆಳೆತ್ತರದಿಂದ ನೆಲಕ್ಕಿಳಿಯೋಕೆ ಮೂರ್ನಾಲ್ಕು ನಿಮಿಷ ಸಾಕು. ಒಂದು ಮೈಕ್ರಾನ್‌ದು ಗಂಟೆಗಟ್ಟಲೆ ತೇಲುತ್ತೆ, ಕಣ್ಣಿಗೂ ಕಾಣಲ್ಲ. ಮಶಿನ್ ಆಫ್ ಆಗಿ ಗಾಳಿ ತಿಳಿಯಾಯಿತು ಅಂತ ಟವೆಲ್ ಬಿಚ್ಚಿ ಅಲ್ಲೇ ಊಟಕ್ಕೆ ಕೂತರೆ ಆಗ ಒಳಗೆ ಹೋಗೋದು ಅದೇ. ಟವೆಲ್ ಅದನ್ನು ತಡೆಯಲ್ಲ. ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಬೇಕು, ಅಂಚಿನಲ್ಲಿ ಗಾಳಿ ನುಸುಳದ ಹಾಗೆ ಕೂರಬೇಕು. ಗಡ್ಡ ಇದ್ದರೆ ಕೂರಲ್ಲ.

ಆದರೆ ಮಾಸ್ಕ್ ಕೊನೆಯ ಮಾತು. ಮೊದಲು ನೀರು. ಬ್ಲೇಡಿಗೆ ನೀರು ಬಿಟ್ಟು ಕೊಯ್ದರೆ ಧೂಳು ಹುಟ್ಟೋ ಜಾಗದಲ್ಲೇ ಬಹುಪಾಲು ಹಿಡಿದುಬಿಡುತ್ತೆ. ಅದರ ಜೊತೆ ಮಶಿನ್ ಬಾಯಲ್ಲೇ ಧೂಳು ಎಳೆಯೋ ವ್ಯವಸ್ಥೆ. ಕೃತಕ ಕಲ್ಲಿಗೆ ಇದೆಲ್ಲ ಇದ್ದರೂ ಸಾಕಾಗದೇ ಇರಬಹುದು. ಅದಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಸ್ಲ್ಯಾಬನ್ನೇ ನಿಷೇಧಿಸಿತು. ಸಿಗರೇಟು ಸೇದುವವರಿದ್ದರೆ, ಆ ಹೊಗೆ ನಾನು ಮೊದಲು ಹೇಳಿದ ರೋಮಗಳನ್ನೇ ಕೆಡಿಸುತ್ತೆ, ಎರಡು ಕಡೆಯಿಂದಲೂ ಪೆಟ್ಟು.

ಕಲ್ಲುಕೆಲಸದವ

ನೀರು ಹಾಕಿದರೆ ಗೆರೆ ಕಾಣಲ್ಲ ಅಂತ ಒಣಗಿದ್ದೇ ಕೊಯ್ಯೋದು. ಸಾಯಂಕಾಲ ಕಂಪ್ರೆಸರ್ ಗಾಳಿ ಹೊಡೆದು ಬಟ್ಟೆ ಕೊಡವಿಕೊಳ್ತೀವಿ, ಅದೂ ತಪ್ಪಾ?

ಲ್ಯಾಬ್‌ಮೂಲೆ

ತಪ್ಪೇ. ದಿನವಿಡೀ ಬಟ್ಟೆಗೆ ಕೂತಿದ್ದನ್ನು ಒಂದೇ ಸಲಕ್ಕೆ ಮುಖದ ಮುಂದೆ ಎಬ್ಬಿಸಿದ ಹಾಗೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಲಸದ ಬಟ್ಟೆ ಅಲ್ಲೇ ಬದಲಿಸಿ, ಬೇರೆಯಾಗಿ ಒಗೆಯಿರಿ. ನೆಲವನ್ನೂ ಒಣ ಪೊರಕೆಯಲ್ಲಿ ಗುಡಿಸಬೇಡಿ. ಗೆರೆಗೆ ನೀರಲ್ಲಿ ಅಳಿಯದ ಮಾರ್ಕರ್ ಸಿಗುತ್ತೆ.

ವಾರ್ಡ್ ನಂ. ಏಳು

ಇನ್ನು ನಿಮ್ಮ ಕೆಮ್ಮು. ಎರಡು ವಾರ ದಾಟಿದ್ದರೆ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಯಾವುದಿದ್ದರೂ, ಎಕ್ಸ್‌ರೇ ಸಾಲದು, ಕಫ ಪರೀಕ್ಷೆ ಆಗಬೇಕು. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ತೆಗೆದ ಕಫ ಬೇಕು, ಎಂಜಲು ಕೊಟ್ಟರೆ ಪರೀಕ್ಷೆ ವ್ಯರ್ಥ. ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ: ಕಲ್ಲು ಕೊಯ್ಯೋ ಕೆಲಸ, ಇಷ್ಟು ವರ್ಷದಿಂದ, ಜೊತೆಯವರಿಗೆ ಟಿಬಿ ಇದೆ. ಅವರು ಕೇಳಲಿ ಅಂತ ಕಾಯಬೇಡಿ. ಟಿಬಿ ಆದವರ ಜೊತೆ ಕೆಲಸ ಮಾಡಿದ ಉಳಿದವರನ್ನೂ ಕರ್ಕೊಂಡು ಹೋಗಿ, ಮೇಸ್ತ್ರಿಯನ್ನೂ ಸೇರಿಸಿ.

ಕಲ್ಲುಕೆಲಸದವ

ಸೋಮವಾರ ಎಲ್ಲರೂ ಹೋಗ್ತಿದ್ದೀವಿ. ಮೇಸ್ತ್ರಿ ಬರ್ತೀನಿ ಅಂದಿದ್ದಾರೆ, ಆದರೆ ಕಂಪ್ರೆಸರ್ ವಿಷಯದಲ್ಲಿ ಇನ್ನೂ ವಾದ ನಡೀತಾನೇ ಇದೆ.